ಮೊಳಕ್ಕೆ ನಾಲ್ಕು ಬೆರಳು ಕಮ್ಮಿ

ಲಲಿತಮ್ಮನ ಕೈಗೆ ನೀರು ಸಿಗಲಿಲ್ಲ, ಯಾಕಂದರೆ ಅವಳ ಕೈ ಗಿಡ್ಡ. ಶಿವಗಂಗೆ ಬೆಟ್ಟದ ಮೇಲೆ ಆವತ್ತು ನಡೆದದ್ದು ಇಷ್ಟೇ. ಪಾಪ, ಪುಣ್ಯ, ಅತ್ತೆಯ ಶಾಪ, ಇವೆಲ್ಲ ಆಮೇಲೆ ಬಂದು ಸೇರಿಕೊಂಡವು, ಸೀರೆ ತಂದಮೇಲೆ ಫಾಲ್ಸ್ ಹಚ್ಚಿದ ಹಾಗೆ.

ಇದು ಈಗ ನೆನಪಾಗಿದ್ದಕ್ಕೆ ಕಾರಣ ನನ್ನ ಅಳತೆ ಟೇಪು. ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಹುಕ್ಕು ಹುಡುಕುತ್ತಿದ್ದೆ, ಟೇಪು ಕೈಗೆ ಬಂತು. ಅದರ ಮೊದಲನೇ ಇಂಚು ಹರಿದುಹೋಗಿ ವರ್ಷಗಳಾದವು. ಅದರಲ್ಲಿ ಅಳೆಯಬೇಕಾದರೆ ಒಂದರಿಂದ ಹಿಡಿದು, ಬಂದದ್ದರಲ್ಲಿ ಒಂದು ಕಳೆಯಬೇಕು. ಮೊಮ್ಮಗಳು ಹೊಸ ಟೇಪು ತಂದುಕೊಟ್ಟಿದ್ದಾಳೆ. ಅದನ್ನು ಉಪಯೋಗಿಸಿದ್ದು ಒಂದೇ ಸಲ, ಸೊಸೆಯ ತಂಗಿಯ ಮದುವೆ ಬ್ಲೌಸಿಗೆ. ಅಭ್ಯಾಸದ ಮೇಲೆ ಅದರಲ್ಲೂ ಒಂದು ಇಂಚು ಕಳೆದುಬಿಟ್ಟೆ. ಮದುಮಗಳಿಗೆ ಹಾರ ಹಾಕೋಕೆ ಕೈ ಎತ್ತಲು ಆಗಲಿಲ್ಲ, ಗಂಡೇ ಬಗ್ಗಿ ನಿಂತ. ಬಂದವರೆಲ್ಲ ಹುಡುಗನಿಗೆ ಎಷ್ಟು ವಿನಯ ಅಂದರು. ನಾನು ಸುಮ್ಮನೆ ಊಟಕ್ಕೆ ಹೋದೆ.

ಓದಿದ್ದು ನಾಲ್ಕನೇ ಕ್ಲಾಸು. ಸಹಕಾರನಗರದಲ್ಲಿ ಮೂವತ್ತು ವರ್ಷ ಬ್ಲೌಸ್ ಹೊಲಿದೆ. ನನಗೆ ಹೆಂಗಸರ ಮುಖ ಮರೆತುಹೋಗುತ್ತದೆ, ತೋಳು ಮರೆಯೋದಿಲ್ಲ. ಪಾರ್ಕಿನಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ಭುಜ ನೋಡ್ತೀನಿ. ಆಮೇಲೆ, ಓಹೋ, ಎಡಭುಜ ಇಳಿಜಾರು, ಇವಳು ಹಾಲಿನ ಬೂತಿನ ಎದುರು ಮನೆಯೋಳು ಅಂತ ಹೊಳೆಯುತ್ತೆ. ಮಾತೂ ಹಾಗೇ, ಅಳತೆಗೆ ಬಂದಷ್ಟು. ದಪ್ಪ ಆದವರಿಗೆ ದಪ್ಪ ಆಗಿದೀಯ ಅಂತ ಹೇಳಿದ್ದೀನಿ. ಈ ಬಣ್ಣ ನಿನಗೆ ಒಪ್ಪಲ್ಲ ಅಂದಿದ್ದೀನಿ. ಗಿರಾಕಿಗಳು ಬೈದುಕೊಂಡು ಹೋಗಿ ಮುಂದಿನ ಹಬ್ಬಕ್ಕೆ ಮತ್ತೆ ಬರ್ತಿದ್ದರು. ಜಯಮ್ಮ ಒರಟು, ಆದರೆ ಸುಳ್ಳು ಹೇಳಲ್ಲ ಅನ್ನೋ ಹೆಸರು ಬಂತು. ಈ ಹೆಸರಿನ ವಿಷಯ ಮುಂದೆ ಬರುತ್ತೆ, ಮರೀಬೇಡಿ.

ನಾವು ನಾಲ್ಕು ಜನ. ಬೆಳಿಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ನಡೆದು, ಎಂಟು ಸುತ್ತು ನಡೆದೆವು ಅಂತ ಮನೆಯಲ್ಲಿ ಹೇಳೋರು. ಲಲಿತಮ್ಮ ಕೊಡಿಗೇಹಳ್ಳಿ ಗೇಟಿನಲ್ಲಿ ಹೂ ಮಾರುತ್ತಿದ್ದವಳು, ಈಗ ಮಂಡಿ ನೋವು ಅಂತ ಬುಟ್ಟಿ ಬಿಟ್ಟಿದ್ದಾಳೆ. ನೂರ್‌ಜಹಾನ್ ಲಲಿತಮ್ಮನ ಗಲ್ಲಿಯವಳೇ, ಪಕ್ಕದ ಮನೆ. ಶಾಂತವ್ವ ಧಾರವಾಡದ ಕಡೆಯವರು, ಮಗ ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳ್ತಾನೆ. ಆಕೆ ಆಳು ಎತ್ತರ, ಕೈ ಇನ್ನೂ ಉದ್ದ. ಆ ಕೈಯಿಂದ ಆಕೆ ಮಾಡೋ ಮುಖ್ಯ ಕೆಲಸ ಅಂದರೆ ವಾಕಿಂಗ್ ಬರುವಾಗ ಕಂಡವರ ಕಾಂಪೌಂಡಿನ ದಾಸವಾಳ, ಕಣಗಿಲೆ ಕೀಳೋದು. "ಏನ್ರಿ ಶಾಂತವ್ವ, ಪರರ ಮನೆ ಹೂವಲ್ವಾ?" ಅಂದರೆ, "ದೇವರಿಗ್ರಿ. ನನಗೇನ್ ಮುಡೀಲಿಕ್ಕಲ್ಲ" ಅಂತಾರೆ. ಆ ಹೂವು ದೇವರಿಗೆ ಹೋಗುತ್ತೆ, ಗಿಡದ ಮನೆಯವರು ಅಂಗಡಿಯಲ್ಲಿ ಹೂ ಕೊಳ್ತಾರೆ.

ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ನಮಗೆ ಬೆಟ್ಟದ ಹುಚ್ಚು ಹಿಡಿಯಿತು. ಮೊಮ್ಮಗಳು ಇದಕ್ಕೆ ಟ್ರೆಕ್ಕಿಂಗ್ ಅಂತಾಳೆ. ತಲೆಗೆ ಟೋಪಿ, ಬೆನ್ನಿಗೆ ಚೀಲ ಇದ್ದರೆ ಟ್ರೆಕ್ಕಿಂಗ್. ಸೆರಗು ಸೊಂಟಕ್ಕೆ ಸಿಕ್ಕಿಸಿ, ವೈರ್ ಬ್ಯಾಗಿನಲ್ಲಿ ಚಿತ್ರಾನ್ನ ಇಟ್ಟುಕೊಂಡು ಹೋದರೆ ಅದಕ್ಕೆ ಹೆಸರಿಲ್ಲ. ನಂದಿ ಬೆಟ್ಟಕ್ಕೆ ಸೂರ್ಯ ಹುಟ್ಟೋದು ನೋಡೋಕೆ ಹೋದೆವು. ಬರೀ ಮಂಜು. ಪಕ್ಕದಲ್ಲಿ ನಿಂತಿದ್ದ ನೂರ್‌ಜಹಾನ್ ಕೂಡ ಕಾಣಲಿಲ್ಲ, ಮೊಟ್ಟೆ ಸುಲಿಯೋ ಸದ್ದು ಮಾತ್ರ ಕೇಳಿಸ್ತಿತ್ತು. ಯಲಹಂಕದಿಂದ ರೈಲು ಹತ್ತಿ ಮಾಕಳಿದುರ್ಗಕ್ಕೆ ಹೋದಾಗ ಅರ್ಧ ದಾರಿಯಲ್ಲಿ ಶಾಂತವ್ವನ ಚಪ್ಪಲಿ ಬಾರು ಕಿತ್ತುಬಂತು. ನನ್ನ ಹತ್ತಿರ ಸೂಜಿ ದಾರ ಯಾವಾಗಲೂ ಇರುತ್ತೆ. ಬಂಡೆ ಮೇಲೆ ಕೂತು ಹೊಲಿದುಕೊಟ್ಟೆ. ಬೆಟ್ಟದ ತುದಿಯಲ್ಲಿ ಏನಿತ್ತೋ ಈಗ ನೆನಪಿಲ್ಲ, ಆ ಬಾರಿಗೆ ಹಾಕಿದ ಹೊಲಿಗೆ ನೆನಪಿದೆ, ಏಳು. ನಾಲ್ಕು ಬೆಟ್ಟ ಸುತ್ತಿ ಬಂದೋಳ ತಲೆಯಲ್ಲಿ ಉಳಿದದ್ದು ಇಷ್ಟು. ಏನ್ ಮಾಡೋದು.

ಶಿವಗಂಗೆಗೆ ಹೋಗಿದ್ದು ಬೇಸಿಗೆ ಶುರುವಾದಾಗ. ಯಶವಂತಪುರದಲ್ಲಿ ತುಮಕೂರು ಬಸ್ಸು ಹತ್ತಿ, ದಾಬಸ್‌ಪೇಟೆಯಲ್ಲಿ ಇಳಿದು, ಅಲ್ಲಿಂದ ಆಟೋ. ಆ ಬೆಟ್ಟದ ಅರ್ಧದಲ್ಲಿ ಒಂದು ಗವಿ, ಗವಿಯೊಳಗೆ ಒಳಕಲ್ಲಿನ ಹಾಗೆ ಬಂಡೆಯಲ್ಲಿ ಒಂದು ತೂತು. ಒಳಕಲ್ಲು ತೀರ್ಥ ಅಂತಾರೆ. ಬಗ್ಗಿ ಭುಜದ ತನಕ ಕೈ ಇಳಿಬಿಡಬೇಕು. ನೀರು ಸಿಕ್ಕಿದರೆ ಪುಣ್ಯವಂತರು. ಸಿಗದವರು ಏನು ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಕ್ಯೂನಲ್ಲಿ ನಿಂತವರ ಮುಖ ಹೇಳುತ್ತೆ.

ಗವಿಯೊಳಕ್ಕೆ ಮೂವರು ಹೋದೆವು. ನೂರ್‌ಜಹಾನ್ ಹೊರಗೇ ಕೂತಳು. "ನನ್ದು ಪಾಪ ಪುಣ್ಯ ಅಲ್ಲಾಗೆ ಗೊತ್ತು. ನಿಮ್ದು ಚಿತ್ರಾನ್ನ ಮಾತ್ರ ಮಂಗಕ್ಕೆ ಗೊತ್ತಾಗ್ಬಾರ್ದು" ಅಂತ ಕೋಲು ಹಿಡಿದು ಬ್ಯಾಗ್ ಕಾದಳು. ನಮ್ಮಲ್ಲಿ ಬುದ್ಧಿ ಇದ್ದದ್ದು ಅವಳೊಬ್ಬಳಿಗೆ.

ಮೊದಲು ಶಾಂತವ್ವ ಕೈ ಹಾಕಿದರು. ಪುಳಕ್ ಅಂತ ಸದ್ದು. ಮಣಿಕಟ್ಟಿನ ತನಕ ನೀರು. "ಅವ್ವಾ, ಎಷ್ಟ್ ತಂಪೈತ್ರಿ!" ಅಂತ ಎಲ್ಲರ ಮೇಲೂ ಚಿಮುಕಿಸಿದರು.

ಎರಡನೆಯವಳು ನಾನು. ಬಗ್ಗಿದೆ, ಕೈ ಬಿಟ್ಟೆ. ಬಂಡೆ ಕೆನ್ನೆಗೆ ಒತ್ತಿತು. ಬೆರಳು ಆಡಿಸಿದೆ. ಏನೂ ಇಲ್ಲ. ಬರೀ ತಣ್ಣನೆ ಗಾಳಿ.

ಆಗ ನನ್ನ ತಲೆಯಲ್ಲಿ ಏನು ಓಡಿತು ಅಂತ ಇದ್ದದ್ದು ಇದ್ದಹಾಗೆ ಬರೀತೀನಿ. ಕಂಡವರ ದಾಸವಾಳ ಕೀಳೋ ಶಾಂತವ್ವನಿಗೆ ಸಿಕ್ಕಿ, ಒಬ್ಬರ ಬಟ್ಟೆಯಲ್ಲಿ ಗೇಣುದ್ದ ತುಂಡು ಕದಿಯದ ನನಗೆ ಸಿಗೋದಿಲ್ಲ ಅಂದರೆ ಏನರ್ಥ? ಹಿಂದೆ ಹತ್ತು ಜನ ನಿಂತಿದ್ದಾರೆ. ಕೈ ತೆಗೆದೆ, ಒಣ ಕೈಯನ್ನೇ ಕಣ್ಣಿಗೆ ಒತ್ತಿಕೊಂಡೆ. "ಸಿಕ್ತು" ಅಂದೆ.

ಮೂರನೆಯವಳು ಲಲಿತಮ್ಮ. ಒಂದು ಸಲ ಹಾಕಿದಳು, ಎರಡು ಸಲ ಹಾಕಿದಳು. ಬಳೆ ಮೇಲಕ್ಕೆ ಸರಿಸಿ ಮೂರನೇ ಸಲ ಹಾಕಿದಳು. ಹಿಂದೆ ನಿಂತಿದ್ದ ದಪ್ಪ ಕುಂಕುಮದ ಹೆಂಗಸು, "ಸಿಗೋರಿಗೆ ಒಂದೇ ಸಲಕ್ಕೆ ಸಿಗುತ್ತಮ್ಮ, ಏಳಿ" ಅಂದಳು. ಲಲಿತಮ್ಮ ಎದ್ದಳು. ಬ್ಲೌಸಿನ ತೋಳಿಗೆಲ್ಲ ಬಂಡೆಯ ಪಾಚಿ. ಮೇಲೆ ಬಸವಣ್ಣನ ತನಕ ಹತ್ತೋಣ ಅಂದರೆ ಮಂಡಿ ನೋವು ಅಂದಳು. ಸೌತೆಕಾಯಿ ಕೊಟ್ಟರೆ ಬೇಡ ಅಂದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿದರೂ ಹೊರಗೆ ನೋಡಲಿಲ್ಲ.

ನಾನು ಯಶವಂತಪುರ ಬರೋ ತನಕ ನಿದ್ದೆ ಮಾಡಿದೆ.

ಇಲ್ಲಿ ಒಂದು ಹಳೇ ವಿಷಯ ಹೇಳಬೇಕು. ನಮ್ಮಮ್ಮ ಸಂತೆಯಲ್ಲಿ ಹೂ ತಗೊಳ್ಳುವಾಗ ಹೂ ನೋಡ್ತಿರಲಿಲ್ಲ, ಹೂವಾಡಗಿತ್ತಿಯ ಕೈ ನೋಡ್ತಿದ್ದಳು. ಹೂವು ಅಳೆಯೋದು ಮೊಳದಲ್ಲಿ ತಾನೆ? ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ. ಮಾರೋಳ ಕೈ ಉದ್ದ ಇದ್ದರೆ ಮೊಳವೂ ಉದ್ದ. "ಮುಖ ನೋಡಿ ಹೆಣ್ಣು ತರಬೇಕು, ಮೊಣಕೈ ನೋಡಿ ಹೂ ತರಬೇಕು" ಅಂತಿದ್ದಳು. ನನ್ನನ್ನ ಕಳಿಸಿದಾಗ ಒಂದು ಸಲ ಗಿಡ್ಡ ಕೈಯವಳ ಹತ್ತಿರ ತಂದುಬಿಟ್ಟೆ. ಅಮ್ಮ ತನ್ನ ಕೈಯಲ್ಲಿ ಅಳೆದು, ನಾಲ್ಕು ಬೆರಳು ಕಮ್ಮಿ ಬಂತು ಅಂತ ವಾಪಸ್ ಓಡಿಸಿದಳು. ಸಂತೆ ಎತ್ತಿಹೋಗಿತ್ತು. ಹಟ್ಟಿಯ ಹಿಂದೆ ಕೂತು ಆ ಹೂವನ್ನ ಎಳೆದು ಉದ್ದ ಮಾಡೋಕೆ ನೋಡಿದೆ. ದಾರ ಕಿತ್ತು ಹೋಯಿತು.

ಲಲಿತಮ್ಮ ಅಂಥ ಗಿಡ್ಡ ಕೈಯವಳೇ. ಅದು ಅವಳಿಗೂ ಗೊತ್ತು, ಕೊಡಿಗೇಹಳ್ಳಿ ಗೇಟಿಗೂ ಗೊತ್ತು. ಅದಕ್ಕೇ ಅವಳು ಮೊಳ ಅಳೆದಮೇಲೆ ಯಾರೂ ಕೇಳದೆ ನಾಲ್ಕು ಬೆರಳು ಸೇರಿಸಿ ಕತ್ತರಿಸ್ತಿದ್ದಳು. ಮಳೆ ಇರಲಿ, ವರಮಹಾಲಕ್ಷ್ಮಿ ಹಬ್ಬ ಇರಲಿ, ಆ ನಾಲ್ಕು ಬೆರಳು ತಪ್ಪಿಸಿದ್ದನ್ನ ನಾನು ನೋಡಿಲ್ಲ. ಪಾಪ ಮಾಡೋರು ಹೀಗೆ ಮಾಡ್ತಾರಾ? ನೀವೇ ಹೇಳಿ.

ಶಿವಗಂಗೆಯಿಂದ ಬಂದಮೇಲೆ ಅವಳು ಪಾರ್ಕಿಗೆ ಬರಲಿಲ್ಲ. ಮೂರು ದಿನ ಮಂಡಿ ಅಂದುಕೊಂಡೆವು, ಒಂದು ವಾರ ಮಗಳು ಅಂದುಕೊಂಡೆವು. ಮಗಳು ಹೆರಿಗೆಗೆ ಅಂತ ತವರಿಗೆ ಬಂದಿದ್ದಳು, ಒಂಬತ್ತು ತುಂಬಿತ್ತು. ಹತ್ತನೇ ದಿನವೋ ಏನೋ, ನೂರ್‌ಜಹಾನ್ ಬೆಂಚಿನ ಮೇಲೆ ಕೂತು ಮುಖ ಸಿಂಡರಿಸಿಕೊಂಡು ಹೇಳಿದಳು.

"ಜಯಕ್ಕ, ಲಲಿತಾದು ತಲೆ ಕೆಟ್ಟಿದೆ. ಹುಟ್ಟೋ ಮಗೂಗೆ ನಾನು ನೀರು ಹಾಕಲ್ಲ, ಬೇರೆ ಯಾರನ್ನಾದ್ರೂ ಗೊತ್ತು ಮಾಡು ಅಂತ ಮಗಳಿಗೆ ಹೇಳಿದಾಳೆ. ಆ ಹುಡುಗಿ ನಮ್ಮನೆಗೆ ಬಂದು ಅಳ್ತಾ ಇತ್ತು."

"ಯಾಕಂತೆ?"

"ನನ್ದು ಕೈ ನೀರಿಗೆ ಆಗಿಬರಲ್ಲ ಅಂತಾಳೆ. ಅವಳ್ದು ಅತ್ತೆ ವಿಷಯ ಗೊತ್ತಲ್ಲ ನಿಮ್ಗೆ?"

ಗೊತ್ತಿತ್ತು. ಬಹಳ ವರ್ಷದ ಹಿಂದಿನ ಮಾತು. ಲಲಿತಮ್ಮನ ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಒಂದು ತೊಟ್ಟು ನೀರೂ ಕೊಡಬಾರದು ಅಂತ ಡಾಕ್ಟರು ಹೇಳಿದ್ದರು. ಮುದುಕಿ ಮಧ್ಯಾಹ್ನವೆಲ್ಲ ನೀರು, ನೀರು ಅಂತ ಕೇಳಿತು. ಇವಳು ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿದಳು, ನೀರು ಕೊಡಲಿಲ್ಲ. ಸಂಜೆ ಹೊತ್ತಿಗೆ ಮುದುಕಿ ಹೋಯಿತು. ಹನ್ನೊಂದನೇ ದಿನದ ಊಟಕ್ಕೆ ಬಂದ ನಾದಿನಿ ಎಲೆಯ ಮುಂದೆ ಕೂತು, "ನಮ್ಮಮ್ಮನ ಬಾಯಿಗೆ ಒಂದು ತೊಟ್ಟು ನೀರು ಬಿಡಲಿಲ್ಲ ಇವಳು" ಅಂದಳು. ಅಷ್ಟು ಹೇಳಿ, ಪಾಯಸ ಎರಡು ಸಲ ಹಾಕಿಸಿಕೊಂಡಳು. ಬಡಿಸಿದ್ದೂ ಲಲಿತಮ್ಮನೇ.

"ಮಗು ಹುಟ್ಟಿದರೆ ಅಜ್ಜಿ ಕಾಲು ಚಾಚಿ ಮಲಗಿಸಿಕೊಂಡು ನೀರು ಹಾಕಬೇಕ್ರಿ. ಬ್ಯಾರೆದವ್ರ ಕಡಿಂದ ಹಾಕಸ್ತಾರೇನು?" ಅಂದರು ಶಾಂತವ್ವ. ಅವರ ಮಡಿಲಲ್ಲಿ ಯಾರದೋ ಮನೆಯ ದಾಸವಾಳ ಐದು ಇದ್ದವು.

ಅಂದು ಸಂಜೆ ಲಲಿತಮ್ಮನ ಮನೆಗೆ ಹೋದೆ. ಮಗಳು ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ನನ್ನನ್ನ ನೋಡಿ ಎದ್ದು ಒಳಗೆ ಹೋದಳು, ಚಹಾಕ್ಕೆ ಅಂತ ನೆವ. ಬಾಗಿಲಲ್ಲಿ ನೂರ್‌ಜಹಾನ್ ಕೂಡ ಬಂದು ನಿಂತಳು. ನಾನು ಸುತ್ತಿ ಬಳಸಿ ಮಾತಾಡೋಳಲ್ಲ.

"ನಿನಗೆ ನೀರು ಸಿಗದೇ ಇದ್ದದ್ದು ಕೈ ಗಿಡ್ಡ ಅಂತ. ಶಾಂತವ್ವನ ಕೈ ಉದ್ದ, ಸಿಕ್ತು. ಅಷ್ಟಕ್ಕೆ ಮಗೂನ ಯಾಕೆ ಬೇರೆಯೋರ ಕೈಗೆ ಕೊಡ್ತೀಯ?" ಅಂದೆ. ಟೇಪು ತಗೊಂಡೇ ಹೋಗಿದ್ದೆ.

ಅವಳು ಟೇಪಿನ ಕಡೆ ನೋಡಲೂ ಇಲ್ಲ. ಮೊಳೆಗೆ ನೇತುಹಾಕಿದ್ದ ಬಾಳೆನಾರು ಎಳೆದಳು. ತನ್ನ ಭುಜದಿಂದ ಬೆರಳ ತುದಿಗೆ ಅಳೆದು ಗಂಟು ಹಾಕಿದಳು. ಆಮೇಲೆ ನನ್ನ ಕೈ ಎಳೆದು, ಅದೇ ನಾರನ್ನ ನನ್ನ ಭುಜಕ್ಕೆ ಹಿಡಿದು ಇಳಿಬಿಟ್ಟಳು. ಗಂಟು ಬಂದು ನನ್ನ ನಡುಬೆರಳ ತುದಿಗೆ ಸರಿಯಾಗಿ ಕೂತಿತು. ಒಂದು ಕೂದಲು ಆಚೆ ಈಚೆ ಇಲ್ಲ. ಮೂವತ್ತು ವರ್ಷ ಕಂಡವರ ತೋಳು ಅಳೆದವಳು ನಾನು, ನನ್ನ ತೋಳು ಅಳೆದಿರಲಿಲ್ಲ.

"ನೋಡ್ದಾ? ನಿಂದೂ ನನ್ನಷ್ಟೇ. ನಿನಗೆ ಹೆಂಗೆ ಸಿಕ್ತಕ್ಕಾ?" ಅಂದಳು.

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಬಿದ್ದ ವಾಸನೆ ಬಂತು.

"ನನಗೂ ಸಿಗಲಿಲ್ಲ ಕಣೆ" ಅಂದೆ.

"ಏನು?"

"ಸಿಗಲಿಲ್ಲ. ಸಿಕ್ತು ಅಂತ ಸುಳ್ಳು ಹೇಳಿದೆ."

ಲಲಿತಮ್ಮ ನಾರು ಸುತ್ತಿ ಮೊಳೆಗೆ ಹಾಕಿದಳು. "ಬಿಡಕ್ಕ. ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ನಾನು ಯಾವತ್ತು ಯಾರ ಸಮಾಧಾನಕ್ಕೆ ಮಾತಾಡಿದೀನೇ?"

"ಅದಕ್ಕೇ ಹೇಳ್ತಿರೋದು. ನೀನು ಸುಳ್ಳು ಹೇಳೋಳಲ್ಲ. ಆವತ್ತು ಸಿಕ್ತು ಅಂದೆ, ಸಿಕ್ಕಿರುತ್ತೆ. ಇವತ್ತು ನನಗೋಸ್ಕರ ಮೊದಲನೇ ಸಲ ಸುಳ್ಳು ಹೇಳ್ತಿದೀಯ. ಸರಿಯಾಗಿ ಹೇಳೋಕೂ ಬರ್ತಿಲ್ಲ ನಿನಗೆ."

ಬಾಗಿಲಲ್ಲಿ ನೂರ್‌ಜಹಾನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗ್ತಿದ್ದಳು. ನನಗೆ ನಗು ಬರಲಿಲ್ಲ. ಕಷ್ಟಪಟ್ಟು ಸಂಪಾದಿಸಿದ ಹೆಸರು ನನ್ನ ತಲೆಯ ಮೇಲೇ ಬಿತ್ತು ನೋಡಿ. ಸುಳ್ಳು ಹೇಳಿದಾಗ ಒಂದೇ ಏಟಿಗೆ ನಂಬಿದರು, ನಿಜ ಹೇಳಿದರೆ ಕನಿಕರ ಪಡ್ತಾರೆ.

"ನಾಳೆ ಬಾ ಬೆಟ್ಟಕ್ಕೆ" ಅಂದೆ.

"ನಾನು ಇನ್ನೊಂದು ಸಲ ಕೈ ಹಾಕಲ್ಲ."

"ನೀನು ಹಾಕಬೇಡ. ನಾನು ಹಾಕ್ತೀನಿ. ನೀನು ಕಣ್ಣು ಬಿಟ್ಟು ನೋಡು."

"ಮಗಳಿಗೆ ನೋವು ಬಂದರೆ?"

ಮಗಳು ಚಹಾದ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಡಾಕ್ಟರು ಇನ್ನೂ ಒಂದು ವಾರ ಅಂದಿದಾರೆ. ನೀನು ಹೋಗಿ ಬಾಮ್ಮ. ದಮ್ಮಯ್ಯ, ಹೋಗಿ ಬಾ" ಅಂದಳು.

"ಬ್ಯಾಗ್ ಕಾಯೋಕೆ ಶಾಂತಕ್ಕನ್ನ ಕರೀರಿ. ನಾನು ಹುಡುಗಿ ಹತ್ರ ಇರ್ತೀನಿ" ಅಂದಳು ನೂರ್‌ಜಹಾನ್.

ಮನೆಗೆ ಬರೋ ದಾರಿಯಲ್ಲಿ ಮಳೆ ಹಿಡಿಯಿತು. ಆ ವರ್ಷದ ಮೊದಲ ಮಳೆ, ಮಾವಿನಕಾಯಿ ಉದುರಿಸೋ ಅಂಥದ್ದು. ಜನ ಎಲ್ಲ ಅಂಗಡಿ ಮುಂದೆ ನಿಂತು ಮಣ್ಣಿನ ವಾಸನೆ ಅಂತ ಖುಷಿ ಪಡ್ತಿದ್ದರು. ನನಗೆ ಒಂದೇ ಯೋಚನೆ. ಬೆಟ್ಟದ ಮೇಲೂ ಹುಯ್ದು ಒಳಕಲ್ಲಿನ ನೀರು ಮೇಲೆ ಬಂದುಬಿಟ್ಟರೆ? ನಾಳೆ ನನ್ನ ಕೈ ಒದ್ದೆಯಾಗಿ ಬಂದರೆ ಲಲಿತಮ್ಮ ಯಾರು ಹೇಳಿದರೂ ನಂಬೋದಿಲ್ಲ, ಆ ಮಗು ಬೇರೆಯವರ ಕಾಲ ಮೇಲೆ ಮಲಗುತ್ತೆ. ನಾನು ದೇವರಿಗೆ ದಿನಾ ದೀಪ ಹಚ್ಚೋದು ಬಿಟ್ಟು ಹೆಚ್ಚು ತೊಂದರೆ ಕೊಟ್ಟವಳಲ್ಲ. ಅಂದು ಕೇಳಿಕೊಂಡೆ, ನನಗೆ ನೀರು ಸಿಗದ ಹಾಗೆ ಮಾಡಪ್ಪಾ ಅಂತ. ಆ ಬೆಟ್ಟದ ಶಿವನ ಹತ್ತಿರ ಹಾಗೆ ಕೇಳಿಕೊಂಡವಳು ನಾನೊಬ್ಬಳೇ ಇರಬೇಕು.

ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟೆವು. ಲಲಿತಮ್ಮ, ಶಾಂತವ್ವ, ನಾನು. ದಾಬಸ್‌ಪೇಟೆಯ ರಸ್ತೆ ಒದ್ದೆ ಇತ್ತು. ಮೆಟ್ಟಿಲ ಪಕ್ಕದ ಹಳ್ಳದಲ್ಲೂ ನೀರು. ಶಾಂತವ್ವ ಗವಿಯ ಹೊರಗೆ ಕೋಲು ಹಿಡಿದು ಕೂತರು, ಮಂಗಗಳು ಆಕೆಯ ಎತ್ತರ ನೋಡಿ ದೂರವೇ ನಿಂತವು.

ನಮ್ಮ ಹಿಂದೆ ಜೀನ್ಸ್ ಹಾಕಿದ ಒಬ್ಬ ಹುಡುಗಿ ಮಾತ್ರ. ಬಳೆ ಮೇಲಕ್ಕೆ ಸರಿಸಿದೆ. ಬಗ್ಗಿ ಕೈ ಇಳಿಬಿಟ್ಟೆ. ಕೆನ್ನೆ ಬಂಡೆಗೆ ಒತ್ತುವ ತನಕ, ಭುಜ ನೋಯುವ ತನಕ ಬಿಟ್ಟೆ. ಐದು ಬೆರಳೂ ಆಡಿಸಿದೆ. ತಣ್ಣನೆ ಗಾಳಿ. ಒಮ್ಮೆ ಏನೋ ತಗುಲಿದ ಹಾಗಾಯಿತು. ಕಲ್ಲು.

ಕೈ ತೆಗೆದು ಲಲಿತಮ್ಮನ ಕೆನ್ನೆಗೆ ಒತ್ತಿದೆ. "ನೋಡು" ಅಂದೆ.

ಅವಳು ನನ್ನ ಕೈ ಹಿಡಿದು ಬೆಳಕಿಗೆ ಎಳೆದಳು. ಅಂಗೈ ನೋಡಿದಳು, ಮಗುಚಿ ನೋಡಿದಳು. ಬೆರಳ ಸಂದಿಯೊಳಗೆ ತನ್ನ ಬೆರಳಿಟ್ಟು ನೋಡಿದಳು, ಮಾರ್ಕೆಟ್ಟಿನಲ್ಲಿ ಬಿಡಿಹೂ ಕೊಳ್ಳುವಾಗ ರಾಶಿಯೊಳಗೆ ನೀರು ಚಿಮುಕಿಸಿ ತೂಕ ಹೆಚ್ಚಿಸಿದ್ದಾರಾ ಅಂತ ನೋಡೋ ಹಾಗೆ. ಉಗುರಿನಲ್ಲಿ ಸ್ವಲ್ಪ ಪಾಚಿ ಇತ್ತು. ಅಷ್ಟೇ.

"ಆವತ್ತೂ ಹಿಂಗೇನಾ?"

"ಹಿಂಗೇ."

"ಮತ್ತೆ ಯಾಕೆ ಹಂಗಂದೆ?"

"ಶಾಂತವ್ವನಿಗೆ ಸಿಕ್ಕಿತ್ತಲ್ಲ, ಹೊಟ್ಟೆಕಿಚ್ಚು" ಅಂದೆ. "ನಿನ್ನ ಮೂರು ಸಲ ಕೈ ಹಾಕಿಸಿದ್ದು ಆ ಸುಳ್ಳೇ. ತಪ್ಪಾಯ್ತು."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನ ಕೈ ಬಿಟ್ಟಳು, ಅಷ್ಟೇ.

ಹಿಂದಿದ್ದ ಹುಡುಗಿ, "ಸಿಗ್ಲಿಲ್ವಾ ಅಜ್ಜಿ? ಅಯ್ಯೋ" ಅಂದಳು.

ನಾನು ಬಾಯಿ ತೆಗೆಯೋದರೊಳಗೆ ಲಲಿತಮ್ಮ ಹೇಳಿದಳು, "ಇವಳದು ಗಿಡ್ಡ ಕೈ ಕಣಮ್ಮ. ನಂದೂ ಅಷ್ಟೇ. ನಿಂದು ಉದ್ದ ಇದೆ, ಹಾಕು."

ಪುಳಕ್ ಅಂತ ಸದ್ದಾಯಿತು. ನಾವು ತಿರುಗಿ ನೋಡದೆ ಹೊರಗೆ ಬಂದೆವು. ಶಾಂತವ್ವನಿಗೆ ಹೊಟ್ಟೆಕಿಚ್ಚಿನ ಭಾಗ ಹೇಳಲಿಲ್ಲ. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿಸಿಕೊಂಡು ತಿಂದೆವು, ಲಲಿತಮ್ಮ ಎರಡು ತಿಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನೆಲಮಂಗಲ ದಾಟೋ ತನಕ ಹೊರಗೇ ನೋಡ್ತಿದ್ದಳು. ಆಮೇಲೆ ಮುಖ ತಿರುಗಿಸದೆ ಕೇಳಿದಳು, "ಅಕ್ಕಾ, ಎಳೇ ಕೂಸಿಗೆ ಹಚ್ಚೋಕೆ ಒಳ್ಳೇ ಹರಳೆಣ್ಣೆ ಎಲ್ಲಿ ಸಿಗುತ್ತೆ ಈಗ?"

ಯಶವಂತಪುರದ ಮಾರ್ಕೆಟ್ ಹಿಂದೆ ಗಾಣದ ಅಂಗಡಿ ಇದೆ ಅಂದೆ. ಇಳಿದು, ತಗೊಂಡು, ಮನೆಗೆ ಬಂದೆವು.